ಶೃತಿಯ ಎಡೆಯ ಸೀರೆ

ಆಗಸ್ಟ್ 20, ಬುಧವಾರ

ನಮ್ಮ ಮಹಡಿಯ ಪಿ.ಜಿ.ಯಲ್ಲಿ ಬಾಡಿಗೆಗಿರುವ ಹುಡುಗಿಯರಿಗೆ ಇವತ್ತು ಉಪ್ಪಿಟ್ಟು. ಮುಖ ಸಿಂಡರಿಸಿಕೊಂಡೇ ತಿಂದರು. ನೀರಿನ ಟ್ಯಾಂಕರ್ ತಡವಾಗಿ ಬಂತು. ಆಮೇಲೆ ಯೂನಿವರ್ಸಿಟಿಯ ರೇಖಾ ಮೇಡಂ ಫೋನ್ — ಶಿಕ್ಷಣ ವಿಭಾಗದ ಮುಖ್ಯಸ್ಥೆ. ಶೃತಿಯ ಹೆಸರಿನ ದತ್ತಿಗೆ ಈ ವರ್ಷದ ಹುಡುಗಿ ಆಯ್ಕೆಯಾಗಿದ್ದಾಳಂತೆ. ಸಮಾರಂಭಕ್ಕೆ ಬರಬೇಕಂತೆ.

ನನ್ನ ಮಗಳು ಅಲ್ಲೇ ಬಿ.ಎಡ್. ಓದುತ್ತಿದ್ದಳು. ಡೆಂಗ್ಯೂ ಬಂದು ತೀರಿಕೊಂಡು ಎರಡು ವರ್ಷ. ಗೊಟ್ಟಿಗೆರೆ ಕೆರೆ ಹತ್ತಿರ ಅವಳ ಮದುವೆಗೆಂದು ಇಟ್ಟಿದ್ದ ಸೈಟು ಮಾರಿ, ಯಜಮಾನರು ಆ ವಿಭಾಗಕ್ಕೇ ಕೊಟ್ಟರು. ಬಡ್ಡಿಯಲ್ಲಿ ವರ್ಷಕ್ಕೊಬ್ಬರ ಫೀಸು. "ಟೀಚರ್ ಆಗ್ತೀನಿ ಅಂತಿದ್ಲಲ್ಲ. ಬೇರೆಯವರಾದ್ರೂ ಆಗ್ಲಿ ಬಿಡೆ" ಅಂದಿದ್ದರು. ಆಗ ಕೋಪ ಬಂದಿತ್ತು. ಈಗಲೂ ಪೂರ್ತಿ ಇಳಿದಿಲ್ಲ.

ಆಗಸ್ಟ್ 29, ಶುಕ್ರವಾರ

ಸಮಾರಂಭ ಮುಗಿಯಿತು. ಹುಡುಗಿ ಧೃತಿ, ಬೊಮ್ಮನಹಳ್ಳಿಯವಳು. ತಾಯಿ ಗೋವಿಂದಮ್ಮನಿಗೆ ಗಾರ್ಮೆಂಟ್ಸ್‌ನಲ್ಲಿ ಕೆಲಸ. ನನ್ನ ಶೃತಿಯ ಹಾಗೇನೂ ಇಲ್ಲ... ಕುಳ್ಳಿ, ಬಾಯಿಬಡುಕಿ. ಶೃತಿಯ ಬಾಯಿಂದ ಒಂದು ಮಾತು ಹೊರಡಿಸಲು ನಾಲ್ಕು ಸಲ ಕೇಳಬೇಕಿತ್ತು. ಇವಳು ಫೋಟೋಗೆ ನಿಂತಾಗ, "ಆಂಟಿ, ಸ್ವಲ್ಪ ನಗಿ. ಆಧಾರ್ ಕಾರ್ಡ್ ಫೋಟೋ ಅಲ್ಲ ಇದು" ಅಂದಳು. ನಕ್ಕುಬಿಟ್ಟೆ. ಮನೆಗೆ ಬಂದು ಅತ್ತೆ.

ಸೆಪ್ಟೆಂಬರ್ 14, ಭಾನುವಾರ

ಸಮಾರಂಭದ ದಿನ ಮನೆಗೆ ಬಾ ಅಂದಿದ್ದೆ; ಧೃತಿ ಈ ಭಾನುವಾರವೂ ಬಂದಳು. ಶಾಲೆಗಳಿಗೆ ಪಾಠ ಮಾಡಲು ಕಳಿಸುತ್ತಾರಂತೆ — ಹಾಲ್ ತುಂಬ ಚಾರ್ಟು, ಥರ್ಮಾಕೋಲು, ಅಂಟು. ಅವರ ಮನೆಯಲ್ಲಿ ಹರಡಿಕೊಳ್ಳಲು ಜಾಗವಿಲ್ಲ. ಊಟಕ್ಕೆ ಕೂತಾಗ ಯಜಮಾನರ ಮುದ್ದೆಯನ್ನೇ ನಾಲ್ಕು ಮಾಡಿ ಭಿನ್ನರಾಶಿ ಪಾಠ.

"ಅಂಕಲ್, ಒಂದು ತೆಗೆದ್ರೆ ಎಷ್ಟು ಉಳೀತು?"

"ತಿಂದ್ಮೇಲೆ ಹೇಳ್ತೀನಿ ಕಣಮ್ಮ."

ಬಸ್ಸಾರು ಎರಡು ಸಲ ಹಾಕಿಸಿಕೊಂಡಳು. ಹೊರಡುವಾಗ ಆಂಟಿ ಹೋಗಿ ಅಮ್ಮ ಆಗಿತ್ತು. ನಾನು ತಿದ್ದಲಿಲ್ಲ.

ಸೆಪ್ಟೆಂಬರ್ 21, ಮಹಾಲಯ ಅಮಾವಾಸ್ಯೆ

ಎಡೆ ಇಟ್ಟೆವು. ಮಾವನವರಿಗೆ ಪಂಚೆ, ಬೀಡಿ ಕಟ್ಟು. ಶೃತಿಗೆ ಮೀನು ಸಾರು, ಹಸಿರು ಸೀರೆ. ಬಾಗಿಲು ಮುಂದಕ್ಕೆ ಮಾಡಿ ಹೊರಗೆ ನಿಂತೆವು, ಅವರು ಬಂದು ಉಣ್ಣಲಿ ಎಂದು.

ಎಡೆಗಿಟ್ಟ ಬಟ್ಟೆಯನ್ನು ಮನೆಯವರೇ ಉಡಬೇಕು. ಹೋದವರ ಆಶೀರ್ವಾದ ಮೈಮೇಲಿರುತ್ತದೆ. ಮಾವನವರ ಪಂಚೆ ಯಜಮಾನರು ಉಟ್ಟರು. ಮಗಳದ್ದನ್ನು ಯಾರು ಉಡಬೇಕು? ನನ್ನಿಂದಾಗದು. ಸಂಜೆ ಧೃತಿ ಬಂದಳು, ಅವರ ಮನೆ ಎಡೆ ಮುಗಿಸಿಕೊಂಡು. ಅರಿಶಿನ ಕುಂಕುಮ ಕೊಟ್ಟು ಆ ಸೀರೆಯನ್ನು ಅವಳ ಮಡಿಲಿಗೆ ಹಾಕಿಬಿಟ್ಟೆ.

"ಸಖತ್ತಾಗಿದೆ ಅಮ್ಮ! ಪಾಠಕ್ಕೆ ಇದನ್ನೇ ಉಡ್ತೀನಿ."

ಎಲ್ಲಿಯದು ಎಂದು ಹೇಳಬೇಕೆಂದು ಹೊಳೆಯಲೂ ಇಲ್ಲ. ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಸೆಪ್ಟೆಂಬರ್ 30, ಮಂಗಳವಾರ

ಗೋವಿಂದಮ್ಮನ ಫೋನ್. ಧೃತಿ ಆಸ್ಪತ್ರೆಯಲ್ಲಿ. ಜ್ವರ, ಪ್ಲೇಟ್‌ಲೆಟ್ಸ್ ಇಳಿಯುತ್ತಿದೆಯಂತೆ. ಅಳುತ್ತಿದ್ದರು. ನನಗೆ ಶೃತಿಯ ಕೊನೆಯ ದಿನಗಳೇ ಕಣ್ಣೆದುರು. ಆದರೂ ಧೈರ್ಯ ಹೇಳಬೇಕಲ್ಲ... ಹೇಳಿದೆ.

"ಹೆದರ್ಕೋಬೇಡಿ. ಆ ಹಸಿರು ಸೀರೆ ನಮ್ ಶೃತಿ ಎಡೆಗಿಟ್ಟಿದ್ದು. ಅವಳೇ ಕಾಯ್ತಾಳೆ."

"ಎಡೆಗಿಟ್ಟಿದ್ದಾ ಅದು?" ಅಂದರು. ಹೂಂ ಅಂದೆ. ಫೋನ್ ಇಟ್ಟುಬಿಟ್ಟರು.

ಅಕ್ಟೋಬರ್ 6, ಸೋಮವಾರ

ಹುಡುಗಿ ಉಳಿದಳು. ದೇವರು ದೊಡ್ಡವನು.

ಗೋವಿಂದಮ್ಮ ಬಂದಿದ್ದರು. ಒಳಗೆ ಕಾಲಿಡಲಿಲ್ಲ. ಸೀರೆಯನ್ನು ಒಗೆದು, ಇಸ್ತ್ರಿ ಮಾಡಿಸಿ, ಕವರಿನಲ್ಲಿ ತಂದಿದ್ದರು.

"ಫೀಸ್ ಕಟ್ಟಿದ್ದೀರ, ಸಾಯೋ ತನಕ ಮರೆಯಲ್ಲ. ಆದ್ರೆ ಸತ್ತೋರ ಪಾಲು ನನ್ ಮಗಳಿಗೆ ಬೇಡಮ್ಮ. ಈ ಓದೂ ಬೇಡ, ಋಣಾನೂ ಬೇಡ. ಬಿಡಿಸ್ತೀನಿ."

ಯಜಮಾನರು ಕೈ ಮುಗಿದರು. ನನಗೆ ಮೈ ಉರಿಯಿತು. ನಾನೇನು ಮಾಟ ಮಾಡಿದೆನೇ? ಬಾಯಿಗೆ ಬಂದದ್ದು ಆಡಲು ಗೇಟಿನವರೆಗೂ ಹಿಂದೆ ಹೋದೆ. ಚಿಲಕ ತೆಗೆಯಲು ಅವರ ಕೈಗೆ ಆಗುತ್ತಿರಲಿಲ್ಲ, ಅಷ್ಟು ನಡುಕ. ಶೃತಿ ಒಳಗಿದ್ದಾಗ ಐಸಿಯು ಬಾಗಿಲಲ್ಲಿ ನನ್ನ ಕೈಯೂ ಹೀಗೇ ಆಗಿತ್ತು.

"ಓದು ಬಿಡಿಸ್ಬೇಡಿ" ಅಂದೆ. "ಇನ್ಮೇಲೆ ಅವಳನ್ನ ಕರೆಯಲ್ಲ, ಮಾತಾಡ್ಸಲ್ಲ. ನಮ್ಮೂರ ದೇವ್ರು ಸಪ್ಪಲಮ್ಮನ ಆಣೆ."

ಚಿಲಕ ನಾನೇ ತೆಗೆದುಕೊಟ್ಟೆ.

ಅಕ್ಟೋಬರ್ 8, ಬುಧವಾರ

ರೇಖಾ ಮೇಡಂಗೆ ಫೋನ್ ಮಾಡಿದೆ. ದತ್ತಿ ಹಾಗೇ ನಡೆಯಲಿ, ಹುಡುಗಿಯರನ್ನು ಮಾತ್ರ ನಮಗೆ ತೋರಿಸಬೇಡಿ ಅಂದೆ. "ಸಮಾರಂಭಕ್ಕೂ ಬರಲ್ವಾ ಗೌರಮ್ಮನೋರೆ?" ಅಂದರು. ಇಲ್ಲ ಅಂದೆ. ಕೊಟ್ಟ ಮೇಲೆ ಕೈ ತೆಗೆಯಬೇಕಿತ್ತು, ನಾನು ತೆಗೆಯಲಿಲ್ಲ. ಧೃತಿ ಸೋಮವಾರದಿಂದ ಕ್ಲಾಸಿಗೆ ಬರುತ್ತಾಳಂತೆ.

ಅಕ್ಟೋಬರ್ 12, ಭಾನುವಾರ, ಮಧ್ಯಾಹ್ನ

ಧೃತಿಯ ಫೋನ್. ಎತ್ತಲಿಲ್ಲ. ಮತ್ತೆ ಬಂತು. ಯಜಮಾನರು ಪೇಪರ್ ಹಿಡಿದು ಕೂತಿದ್ದಾರೆ, ಪುಟ ತಿರುಗಿಸಿಲ್ಲ.

"ಹುಷಾರಾಗಿದ್ಯಾ ಅಂತ ಕೇಳ್ಬಿಡೆ. ಅಷ್ಟೇ."

"ಆಣೆ ಇಟ್ಟಿದೀನಿ."

"ನಾನು ಇಟ್ಟಿಲ್ವಲ್ಲ."

ಇದನ್ನು ಬರೆಯುವಾಗಲೇ ಇನ್ನೊಮ್ಮೆ ರಿಂಗ್. ಎದ್ದೇಬಿಟ್ಟರು. ಎತ್ತಿಕೊಂಡರು. ಮುಖದಲ್ಲಿ ನಗು ಕೂಡ ಬಂತು.

"ಹೇಳಮ್ಮ ಶೃತಿ" ಅಂದರು. ಧೃತಿ ಅನ್ನಲು ಹೋಗಿ ನಮ್ಮ ಮಗಳ ಹೆಸರು ಬಂದಿತ್ತು; ಫೋನ್ ಕಿವಿಯಲ್ಲೇ ಇಟ್ಟುಕೊಂಡು ನನ್ನ ಕಡೆ ತಿರುಗಿದರು.