ಮಗಳ ಮೊಬೈಲಿನಲ್ಲಿ ನನ್ನ ಟ್ಯಾಂಕು

ಫೆಬ್ರವರಿ 24, ಸೋಮವಾರ

ಮಕ್ಕಳಿಗೆ ಮೊಟ್ಟೆ ಕೊಟ್ಟಾಯಿತು, ತೂಕ ನೋಡಿಯಾಯಿತು. ಫೋಟೋ ಮಾತ್ರ ಅಪ್‌ಲೋಡ್ ಆಗಲೊಲ್ಲದು. ದೊಡವಾಡದ ನೆಟ್‌ವರ್ಕಿಗೆ ಅಂಗನವಾಡಿ ಕಂಡರೆ ಆಗುವುದಿಲ್ಲ. ಸಹಾಯಕಿ ಬಾಯವ್ವ ಕಟ್ಟೆ ಹತ್ತಿ ಮೊಬೈಲನ್ನು ಆರತಿ ಎತ್ತಿದ ಹಾಗೆ ಎತ್ತಿ ಹಿಡಿದಳು. ಆಗ ಹೋಯಿತು.

ಸಂಜೆ ರಾಮದುರ್ಗದಿಂದ ತಮ್ಮ ಸಾಗರನ ಫೋನ್. “ಅಕ್ಕಾ, ನಮ್ಮ ಹಳೇ ಟೀವಿ ಗೇಮ್ ನೆನಪೈತಿಲ್ಲ? ಟ್ಯಾಂಕಿಂದು? ಈಗ ಅದು ಮೊಬೈಲ್‌ನಾಗ ಆಡಾಕ ಬರತೈತಿ. ಒಂದು ಆ್ಯಪ್ ಐತಿ. ಅದನ್ನ ಹಾಕಿದ್ರ ಮೊಬೈಲು ಆ ಹಳೇ ಡಬ್ಬಿ ಹಂಗ ಸೋಗು ಹಾಕತೈತಿ. ಕ್ಯಾಸೆಟ್ ಅಂದ್ರ ಒಂದು ಸಣ್ಣ ಫೈಲ್ ಅಷ್ಟ. ಊದೂ ಕೆಲಸಿಲ್ಲ!”

ನಕ್ಕೆ. ಮುರಗೋಡದ ತವರುಮನೆಯಲ್ಲಿ ಕ್ಯಾಸೆಟ್ಟಿನ ಧೂಳು ಊದಿ ಊದಿ ನಮ್ಮ ತುಟಿ ಒಡೆಯುತ್ತಿದ್ದವು. ಬೇಡ ಅಂದೆ. ನನ್ನ ಮೊಬೈಲು ಇಲಾಖೆ ಕೊಟ್ಟದ್ದು, ಸೂಪರ್‌ವೈಸರ್ ಮೇಡಂ ಯಾವಾಗ ಬೇಕಾದರೂ ಕೇಳಿ ನೋಡುತ್ತಾರೆ. ಅಂಗನವಾಡಿ ಟೀಚರ್ ಗೇಮ್ ಆಡುತ್ತಾಳೆ ಅಂದರೆ ತಾಲೂಕಿನ ತುಂಬ ನಗೆ.

ಫೆಬ್ರವರಿ 27

ಬೇಡ ಅಂದದ್ದು ಸುಳ್ಳಾಯಿತು.

ಮಗಳು ಸ್ನೇಹಲ್‌ಳ ಮೊಬೈಲು ಜನವರಿಯಿಂದ ತಿಜೋರಿಯೊಳಗಿದೆ. ಹತ್ತನೇ ಪರೀಕ್ಷೆ ಮುಗಿಯುವ ತನಕ ಮುಟ್ಟುವಂತಿಲ್ಲ — ಇವರ ಆರ್ಡರ್. ಅವಳೂ ತಕರಾರು ಮಾಡಲಿಲ್ಲ. ಮಾರ್ಕ್ಸ್ ಬಂದರೆ ಧಾರವಾಡದಲ್ಲಿ ಸೈನ್ಸ್, ಹಾಸ್ಟೆಲ್. ಅಪ್ಪ-ಮಗಳ ನಡುವೆ ಕೈ ಮೇಲೆ ಕೈ ಹಾಕಿ ಆದ ಮಾತು. ಕೀಲಿ ನನ್ನ ಹತ್ತಿರ, ಜೋಳದ ಡಬ್ಬಿಯಲ್ಲಿ. “ವಾರಕ್ಕೊಮ್ಮೆ ಚಾರ್ಜ್ ಮಾಡವ್ವಾ, ಬ್ಯಾಟ್ರಿ ಸಾಯತೈತಿ” ಅಂದಿದ್ದಳು.

ಇವತ್ತು ಚಾರ್ಜಿಗೆ ತೆಗೆದೆ. ಸಾಗರನಿಗೆ ಫೋನ್ ಮಾಡಿ, ಅವನು ಹೇಳಿದ ಹಾಗೆ ಒಂದೊಂದೇ ಒತ್ತಿದೆ. ಆ್ಯಪ್ ಇಳಿಯಿತು, ಫೈಲ್ ಬಂತು. ಒಮ್ಮೆಲೇ ಆ ಸಪ್ಪಳ! ಮೈ ಝುಂ ಅಂದಿತು. ಅಗಲ ಸ್ಕ್ರೀನಿನ ನಡುವೆ ಚೌಕ ಚಿತ್ರ, ಇಟ್ಟಿಗೆ ಗೋಡೆ, ಗೋಡೆಯ ಹಿಂದೆ ಕಾಯಬೇಕಾದ ಹಕ್ಕಿ. ಬಟನ್‌ಗಳೂ ಗಾಜಿನ ಮೇಲೆಯೇ. ಮೊದಲು ಬೆರಳು ಎಲ್ಲೆಲ್ಲಿಗೋ ಜಾರಿತು.

ಅಪ್ಪ ಆ ಡಬ್ಬಿ ತಂದದ್ದು ಸಾಗರನಿಗೆ. ಒಂದನೇ ಜಾಯ್‌ಸ್ಟಿಕ್ ಯಾವತ್ತೂ ಅವನದು. “ನೀ ಎರಡನೇದು ಹಿಡಿ, ಹಕ್ಕಿ ಕಾಯ್ತಾ ನಿಲ್ಲು” ಅನ್ನುತ್ತಿದ್ದ. ನಿಂತೇ ಇದ್ದೆ. ಇವತ್ತು ಒಂದನೇದು ನಾನು. ಹಾಲು ಉಕ್ಕಿ ಒಲೆಯೆಲ್ಲ ಹೊಲಸಾಯಿತು. ಇರಲಿ.

ಮಾರ್ಚ್ 6

ದಿನಾ ಆಗುತ್ತಿದೆ. ನಾಲ್ಕಕ್ಕೆ ಅಂಗನವಾಡಿ ಬಂದ್. ಸ್ನೇಹಲ್ ಎಕ್ಸ್ಟ್ರಾ ಕ್ಲಾಸು ಮುಗಿಸಿ ಬರುವುದು ಸಂಜೆಗೆ. ಇವರು ಬೈಲಹೊಂಗಲದ ಗ್ಯಾರೇಜಿನಿಂದ ಇನ್ನೂ ತಡ. ನಡುವಿನ ಹೊತ್ತು ನನ್ನದು.

ಅದರಲ್ಲೊಂದು ‘ಸೇವ್’ ಇದೆ. ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಬಹುದು, ಮರುದಿನ ಅಲ್ಲಿಂದಲೇ. ಗುಂಡು ಮೂಗಿನ ಮುಂದಿದ್ದರೂ ಸರಿ. ಚಿಕ್ಕಂದಿನಲ್ಲಿ ಕರೆಂಟ್ ಹೋದರೆ ಅಷ್ಟೂ ಹೋಗುತ್ತಿತ್ತು, ಸಾಗರ ಬಿದ್ದು ಹೊರಳಾಡುತ್ತಿದ್ದ.

ಇವತ್ತು ತಾಯಂದಿರ ಸಭೆ. ಮಕ್ಕಳ ಕೈಗೆ ಮೊಬೈಲ್ ಕೊಡಬೇಡಿರಿ, ನೀವು ನೋಡಿದರೆ ಅವು ನೋಡುತ್ತವೆ ಎಂದು ನಾನೇ ಭಾಷಣ ಮಾಡಿದೆ. ಚನ್ನವ್ವ ತಲೆ ತಗ್ಗಿಸಿ ಕುಳಿತಿದ್ದಳು, ಅವಳ ಕೂಸು ಮೊಬೈಲು ಇಲ್ಲದೆ ಉಣ್ಣುವುದಿಲ್ಲವಂತೆ. ಗದರಿಸಿದೆ ಬೇರೆ. ಮನೆಗೆ ಬಂದು ಚಪ್ಪಲಿ ಬಿಡುವುದೇ ತಡ, ಜೋಳದ ಡಬ್ಬಿಗೆ ಕೈ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಮಾರ್ಚ್ 23, ರವಿವಾರ

ನಾಳೆ ಗಣಿತ. ರವಿವಾರವಾದರೂ ಶಾಲೆಯಲ್ಲಿ ಗುಂಪು ಓದು ಇಟ್ಟಿದ್ದರು, ಇವರೂ ಗ್ಯಾರೇಜಿಗೆ ಹೋಗಿದ್ದರು. ಸ್ನೇಹಲ್ ಸಂಜೆ ಬರುತ್ತಾಳೆ ಅಂದುಕೊಂಡು ಕದ ಹಾಕಿ ಕುಳಿತಿದ್ದೆ. ಎಂದೂ ದಾಟದ ಸ್ಟೇಜು. ಕದ ಬಡಿದ ಸಪ್ಪಳ. “ಅವ್ವಾ…” ಜಲ್ದಿ ಬಿಟ್ಟುಬಿಟ್ಟಿದ್ದಾರೆ.

ತೆರೆಯಬೇಕಿತ್ತು. ಇನ್ನು ಎರಡೇ ಟ್ಯಾಂಕು ಇದ್ದವು. ಧ್ವನಿ ಬಂದ್ ಮಾಡಿ ಅವೆರಡನ್ನೂ ಹೊಡೆದೆ. ಮಗಳು ಬಿಸಿಲಲ್ಲಿ ನಿಂತೇ ಇದ್ದಳು. ಆಮೇಲೆ ಸೇವ್ ಒತ್ತಿ, ತಿಜೋರಿ ಹಾಕಿ, ಕದ ತೆಗೆದೆ.

“ಯಾಕವ್ವಾ, ಎಷ್ಟೊತ್ತು ಬಡಿದ್ನಿ?”

“ತಲಿ ಸಿಡ್ಯಾಕತ್ತಿತ್ತು. ಮಲಗಿದ್ನಿ.”

ಚೀಲ ಇಟ್ಟಳು. ಬಾಮ್ ತಂದಳು. ನನ್ನನ್ನು ಮಲಗಿಸಿ ಹಣೆಗೆ ತಿಕ್ಕಿದಳು, ನಾಳೆ ಗಣಿತ ಇಟ್ಟುಕೊಂಡು. ತಿಕ್ಕುತ್ತ ತಿಕ್ಕುತ್ತ ಬಾಯಲ್ಲಿ ಸೂತ್ರ ಒಪ್ಪಿಸುತ್ತಿದ್ದಳು. ಕಣ್ಣು ಮುಚ್ಚಿಕೊಂಡೇ ಇದ್ದೆ. ಬಾಮಿನ ಉರಿಗೆ ನೀರು ಬಂತು ಅಂದುಕೊಂಡಳು. ನನ್ನಂಥ ಹೆಂಗಸಿಗೆ ಏನೆನ್ನಬೇಕು?

ಇನ್ನು ಮುಟ್ಟುವುದಿಲ್ಲ.

ಮಾರ್ಚ್ 27

ಮುಟ್ಟಿದೆ.

ಏಪ್ರಿಲ್ 6, ರವಿವಾರ

ನಿನ್ನೆ ಬರೆಯಲಾಗಲಿಲ್ಲ.

ಶುಕ್ರವಾರ ಪರೀಕ್ಷೆ ಮುಗಿಯಿತು. ಅಂದೇ ಆ್ಯಪ್ ತೆಗೆದುಹಾಕಿ, ಮೊಬೈಲು ಒರೆಸಿ, ಇದ್ದಲ್ಲಿಯೇ ಇಟ್ಟಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ.

ನಿನ್ನೆ ಸಂಜೆ ಇವರು ತಿಜೋರಿ ತೆರೆದರು. “ತಗೋ ನಿನ್ನ ಆಸ್ತಿ!” ನಗುತ್ತಲೇ ಇದ್ದರು. ಕೊಡುವ ಮುಂಚೆ, ದೀಪಾವಳಿಗೆ ನಮ್ಮ ಅವ್ವ ಕೃಷ್ಣವ್ವನ ಜೊತೆ ತೆಗೆಸಿಕೊಂಡ ಫೋಟೋ ನೋಡೋಣವೆಂದು ಗ್ಯಾಲರಿ ತೆರೆದರು. ಅಲ್ಲಿ ಕಪ್ಪು ಕಪ್ಪು ಚಿತ್ರಗಳು, ಸಾಲು ಸಾಲು. ಇಟ್ಟಿಗೆ, ಟ್ಯಾಂಕು. ನಾನು ಸೇವ್ ಒತ್ತಿದಾಗಲೆಲ್ಲ ಆ್ಯಪು ಆ ಹೊತ್ತಿನದೊಂದು ಚಿತ್ರವನ್ನೂ ತೆಗೆದಿಟ್ಟಿದೆ. ಆ್ಯಪು ಹೋದರೂ ಚಿತ್ರ ಹೋಗಿಲ್ಲ. ಮುಟ್ಟಿದರೆ ತಾರೀಖು, ಟೈಮು. ನನಗೇನು ಗೊತ್ತು?

“ಏನಿದು?”

ಸ್ನೇಹಲ್ ಬಗ್ಗಿ ನೋಡಿದಳು. ಒಂದು ಚಿತ್ರ ಮುಟ್ಟಿ ತಾರೀಖು ನೋಡಿದಳು. ಗಣಿತದ ಹಿಂದಿನ ದಿನ, ಅವಳು ಕದ ಬಡಿದ ಹೊತ್ತು. ಆಮೇಲೆ ನನ್ನ ಮುಖ ನೋಡಿದಳು. ನೋಡುತ್ತಲೇ ಉಳಿದಳು.

“ಪರೀಕ್ಷಾದಾಗ ಗೇಮ್ ಆಡೀಯೇನು? ಕೀಲಿ ಯಾವಾಗ ಕದ್ದಿ? ಗುಂಪು ಓದು ಅಂತ ಹೇಳಿ ಇಲ್ಲಿ ಬಂದು ಕುಂದರತಿದ್ದೇನು?”

ಅವಳು ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ನನ್ನ ಮೇಲಿನ ಕಣ್ಣು ತೆಗೆಯಲಿಲ್ಲ.

“ಬಾಯಿ ಬಿದ್ದ ಹೋತಲ್ಲ? ಧಾರವಾಡ ಬ್ಯಾಡ. ಕಣ್ಣ ಮುಂದ ಇದ್ದಾಗ ಹಿಂಗ, ಹಾಸ್ಟೆಲ್‌ನಾಗ ಯಾರು ಕಾಯತಾರ ಇಕಿನ್ನ? ಬೈಲಹೊಂಗಲಕ್ಕ ಬಸ್ಸಿಗೆ ಹೋಗಿ ಬಂದು ಆರ್ಟ್ಸ್ ಮಾಡ್ಲಿ.”

ಆಗ ನಾನು ಬಾಯಿ ತೆರೆದೆ. ಅಂದದ್ದು ಇಷ್ಟು: “ಚಾ ಆರಾಕತ್ತೇತಿ, ಕುಡೀರಿ.”

ಏಪ್ರಿಲ್ 9

ಸಾಗರನಿಗೆ ಫೋನ್ ಮಾಡಿದೆ. ಗೇಮಿನ ಸುದ್ದಿ ಇವರ ಮುಂದೆ ತೆಗೆಯಬೇಡ ಅಂದೆ.

“ಅದರಾಗ ಮುಚ್ಚಿಡೂದು ಏನೈತಿ ಅಕ್ಕಾ? ಎಷ್ಟನೇ ಸ್ಟೇಜಿಗೆ ಬಂದಿ?”

ಅವನಿಗೆ ಮನೆಯ ರಾಮಾಯಣ ಗೊತ್ತಿಲ್ಲ. ಹೇಳಲೂ ಇಲ್ಲ. ಸ್ನೇಹಲ್ ಉಣ್ಣುತ್ತಾಳೆ, ಭಾಂಡೆ ತಿಕ್ಕುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಮೊಬೈಲು ಮೇಜಿನ ಮೇಲೆ ಬಿದ್ದಿದೆ, ಮುಟ್ಟುವುದಿಲ್ಲ. ಬೈದರೆ ಬೈಯಲಿ, ನನ್ನ ಮೇಲೆ ಕಿರುಚಲಿ ಅನಿಸುತ್ತದೆ. ಊಹೂಂ.

ಹೇಳಿದರೇನಾಗುತ್ತದೆ? ಇವರೇನು ಹೊಡೆಯುವ ಮನುಷ್ಯರಲ್ಲ. ನಗುತ್ತಾರೆ. ಗ್ಯಾರೇಜಿನಲ್ಲಿ ಹೇಳುತ್ತಾರೆ. ಅಲ್ಲಿಂದ ಊರಿಗೆ. ಮಗಳ ಕಾಲೇಜಿಗಿಂತ ನನ್ನ ಮರ್ಯಾದೆ ದೊಡ್ಡದಾಯಿತು — ಬರೆದು ನೋಡಿದರೆ ಹೇಸಿಗೆ ಬರುತ್ತದೆ.

ಏಪ್ರಿಲ್ 14

ಜಯಂತಿ. ಬಿಳಿ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ. ಬಾಬಾಸಾಹೇಬರ ಫೋಟೋಕ್ಕೆ ಹಾರ, ಬುದ್ಧ ವಂದನೆ, ಪಂಚಶೀಲ. ಎಲ್ಲರ ಜೊತೆ ನಾನೂ ಹೇಳುತ್ತ ಹೋದೆ. ನಾಲ್ಕನೆಯದು ಬಂತು. ಸುಳ್ಳಾಡುವುದಿಲ್ಲ ಎಂಬ ಶೀಲ. ನಾನು ಸುಳ್ಳು ಹೇಳಿಲ್ಲ, ಸುಮ್ಮನಿದ್ದೇನೆ ಅಷ್ಟೆ ಎಂದು ಒಳಗೊಬ್ಬಳು ವಕೀಲಿ ಮಾಡಿದಳು. ತಲೆನೋವು ಅಂದದ್ದು? ತುಟಿ ಆಡಿಸಿ ದಾಟಿಸಿದೆ.

ಸ್ನೇಹಲ್ ಭಾಷಣ ಮಾಡಿದಳು. ಚೀಟಿ ಇಲ್ಲದೆ. ಹೆಣ್ಣುಮಕ್ಕಳ ಓದಿನ ಮೇಲೆ. ಇವರ ಕಣ್ಣು ತುಂಬಿತು, ನಾನು ಕಂಡೆ. ಅವಳ ಶಾಲೆಯ ನಿಜಗುಣಪ್ಪ ಸರ್ ಬಂದು ನನಗೆ ಕೈ ಮುಗಿದರು. “ರೇಣುಕ್ಕಾರ, ಮಗಳನ್ನ ಭಾಳ ಚೊಲೋ ಬೆಳಸೀರಿ.”

ಹೂಂ ಅಂದೆನಲ್ಲ!

ಮೇ 2

ರಿಸಲ್ಟ್. ತೊಂಬತ್ತೆರಡು ಪರ್ಸೆಂಟ್. ಇವರು ಪೇಡೆ ತಂದು ಓಣಿಗೆಲ್ಲ ಹಂಚಿದರು. ಸ್ನೇಹಲ್ ಕೇಳಿದಳು, ಮೆಲ್ಲಗೆ: “ಪಪ್ಪಾ, ಧಾರವಾಡಕ್ಕ ಅರ್ಜಿ ಹಾಕ್ಲೇನ್ರಿ?”

“ಮಾರ್ಕ್ಸ್ ಬಂದಾವು. ನಂಬಿಕಿ ಬರಬೇಕಲ್ಲ?”

ಪೇಡೆ ಕೈಯಲ್ಲೇ ಇತ್ತು, ತಟ್ಟೆಗೆ ವಾಪಸ್ ಇಟ್ಟಳು.

ಮೇ 4, ರವಿವಾರ ಮಧ್ಯಾಹ್ನ

ಹೇಳಿದೆ.

ಊಟವಾದ ಮೇಲೆ. ಇವರು ಗೋಡೆಗೆ ಒರಗಿ ಕುಳಿತಿದ್ದರು, ಸ್ನೇಹಲ್ ಒಳಗೆ ಬಟ್ಟೆ ಮಡಚುತ್ತಿದ್ದಳು. “ರೀ, ಆ ಗೇಮ್ ಆಡಿದಾಕಿ ನಾನು. ಸ್ನೇಹಲ್ ಅಲ್ಲ.”

ನನ್ನ ಕಡೆ ನೋಡಿ ನಕ್ಕರು. ಸಿಟ್ಟಿನ ನಗೆಯಲ್ಲ, ಪ್ರೀತಿಯದು. “ತಾಯಿ ಕರಳು ನೋಡು! ಮಗಳ ಸಲುವಾಗಿ ತನ್ನ ಮ್ಯಾಲ ಹಾಕ್ಕೊಳ್ಳಾಕತ್ತಾಳ.”

“ಖರೇನರಿ. ಸಾಗರನ್ನ ಕೇಳ್ರಿ ಬೇಕಾದ್ರ.”

“ಅಕ್ಕ-ತಮ್ಮ ಕೂಡಿ ಆಟ ಹೂಡೀರೇನು? ರೇಣು, ನೀ ಫೋಟೋ ಅಪ್‌ಲೋಡ್ ಮಾಡಾಕ ಮಗಳನ್ನ ಕರೀತಿ. ನೀ ಗೇಮ್ ಆಡತಿ?” ನನ್ನ ಬೆನ್ನು ತಟ್ಟಿದರು. “ದೊಡ್ಡ ಮನಸು ನಿಂದು.”

ಭೂಮಿ ಬಾಯಿ ಬಿಡಬಾರದೇ ಅನಿಸಿತು.

“ಮೊಬೈಲ್ ಕೊಡ ಸ್ನೇಹಲ್” ಅಂದೆ. “ಆಡಿ ತೋರಸ್ತೇನಿ.”

ಸಾಗರ ಕಳಿಸಿದ ಫೈಲು ಮೊಬೈಲಿನಲ್ಲೇ ಇತ್ತು. ಆ್ಯಪನ್ನು ಸ್ನೇಹಲ್ ಮತ್ತೆ ಇಳಿಸಿ, ನನ್ನ ಕೈಗಿಟ್ಟಳು. ಇವರು ತಮಾಷೆ ನೋಡುವವರ ಹಾಗೆ ಪಕ್ಕಕ್ಕೆ ಸರಿದು ಕುಳಿತರು.

ಇದನ್ನೂ ಬರೆಯಲೇಬೇಕು. ಸ್ಟಾರ್ಟ್ ಒತ್ತುವಾಗ ಒಂದು ವಿಚಾರ ಬಂತು. ಬೇಕಂತಲೇ ಸೋತರೆ? ಮಗಳಿಗಾಗಿ ಸುಳ್ಳು ಹೇಳಿದ ದೊಡ್ಡ ಮನಸ್ಸಿನ ತಾಯಿಯಾಗಿಯೇ ಉಳಿಯುತ್ತೇನೆ. ಬೆರಳು ಸ್ವಲ್ಪ ತಪ್ಪಿದರೆ ಸಾಕು. ಬಂದದ್ದು ನಿಜ, ಆ ವಿಚಾರ.

ತಪ್ಪಿಸಲಿಲ್ಲ. ಆಡಿದೆ. ಮೊದಲನೇ ಸ್ಟೇಜು, ಎರಡನೆಯದು, ಮೂರು. ಯಾವ ಮೂಲೆಯಿಂದ ಯಾವ ಟ್ಯಾಂಕು ಬರುತ್ತದೆಂದು ಬೆರಳಿಗೇ ಗೊತ್ತು. ಬರುವ ಮುಂಚೆಯೇ ಹೋಗಿ ನಿಲ್ಲುತ್ತಿದ್ದೆ. ಇವರು ಮೊದಲು “ಅರೆ!” ಅಂದರು. ಆಮೇಲೆ ಬರೀ ಆಟದ ಸಪ್ಪಳ. ನಲವತ್ತರ ಹೆಂಗಸು, ತಲೆಯ ಮೇಲೆ ಸೆರಗು, ಪಟಪಟ ಗುಂಡು ಹಾರಿಸುತ್ತ ಕುಳಿತಿದ್ದೇನೆ, ಗಂಡ ನೋಡುತ್ತಿದ್ದಾನೆ, ಮಗಳು ನೋಡುತ್ತಿದ್ದಾಳೆ. ಕಿವಿ ಸುಡುತ್ತಿದ್ದವು.

“ಸಾಕು” ಅಂದರು ಇವರು.

ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

“ತಿಂಗಳಾತು ಅಕಿನ್ನ ಕಳ್ಳಿ ಅಂದ್ನಿ. ನೀ ಇಲ್ಲೇ ಕುಂತಿದ್ದೆಲ್ಲ?”

ಅವರು ಬಾಗಿಲಲ್ಲಿ ನಿಂತಿದ್ದ ಸ್ನೇಹಲ್ ಕಡೆ ತಿರುಗಿದರು. “ನಿನಗ ಗೊತ್ತಿತ್ತೇನವಾ?”

“ಗೊತ್ತಿತ್ತು ಪಪ್ಪಾ.”

“ಮತ್ತ ಯಾಕ ಹೇಳಲಿಲ್ಲ?”

ಸ್ನೇಹಲ್ ಮಡಚಿದ ಅಂಗಿಯನ್ನೇ ಮತ್ತೆ ಬಿಡಿಸಿ ಮಡಚಿದಳು. “ಅವ್ವ ಹೇಳತಾಳ ಅಂತ ಕಾದ್ನಿ.”

ಮೇ 6, ಮಂಗಳವಾರ

ಮುಂಜಾನೆ ಮೊದಲ ಬಸ್ಸಿಗೆ ಅಪ್ಪ-ಮಗಳು ಧಾರವಾಡಕ್ಕೆ ಹೋದರು. ಅರ್ಜಿ ಕೊಟ್ಟು, ಹಾಸ್ಟೆಲ್ ನೋಡಿಕೊಂಡು ಬರುತ್ತಾರೆ. ನೀನೂ ಬಾ ಅನ್ನಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ.

ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದ್ದೆ. ಬುತ್ತಿ ಒಲೆಯ ಪಕ್ಕ ಹಾಗೇ ಇದೆ. ಮರೆತರೋ, ಬಿಟ್ಟೇ ಹೋದರೋ. ಇಬ್ಬರದೂ ಮರೆಯುವ ಜಾತಕವಲ್ಲ.

ಅಂಗನವಾಡಿಗೆ ಹೊತ್ತಾಗಿದೆ, ಬಾಯವ್ವ ಕೀಲಿಗಾಗಿ ಕಾಯುತ್ತಿರುತ್ತಾಳೆ. ಏಳಲಾಗಲಿಲ್ಲ. ಬುತ್ತಿ ಬಿಟ್ಟು ಹೋಗೀರಿ ಎಂದು ಹೇಳುವ ನೆವ ಮಾಡಿಕೊಂಡು ಸ್ನೇಹಲ್‌ಗೆ ಫೋನ್ ಹಚ್ಚಿದೆ. ತಪ್ಪಾಯಿತು ಎಂದು ಅವಳಿಗೆ ಈ ತನಕ ಅಂದಿಲ್ಲ. ಇವರ ಮುಂದೆ ಆಡಿ ತೋರಿಸಿದೆ, ಅವಳ ಮುಂದೆ ಬಾಯಿ ಬಿಟ್ಟಿಲ್ಲ.

ರಿಂಗು ಆಗುತ್ತಲೇ ಇತ್ತು. ಕಟ್ ಮಾಡುವಷ್ಟರಲ್ಲಿ ಎತ್ತಿದಳು. ಹಿಂದೆ ಬಸ್ಸಿನ ಸಪ್ಪಳ.

“ಹೇಳವ್ವಾ” ಅಂದಳು.

ನಾನು ಬುತ್ತಿಯ ಮಾತು ಬಿಟ್ಟು, “ತಪ್ಪಾತು ಸ್ನೇಹಲ್” ಅಂದೆ.