ಸೋಮವಾರದ ಕರು

ಸಖರಾಯಪಟ್ಟಣ
೨೩-೯-೨೦೨೪

ಪ್ರೀತಿಯ ತಂಗಿ ಲಿಂಗಮ್ಮನಿಗೆ ಅಣ್ಣನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ನಿನಗೆ ಕಾಗದ ಬರೆದು ವರ್ಷಗಳೇ ಆದವು, ಬೇಜಾರು ಮಾಡಿಕೊಳ್ಳಬೇಡ. ಫೋನ್ ಇದ್ದ ಮೇಲೆ ಕಾಗದ ಯಾಕೆ ಅಂತ ಸುಮ್ಮನಿದ್ದೆ. ಈಗ ಆ ಫೋನಿನ ಮೇಲೇ ನನಗೆ ಅನುಮಾನ ಬಂದಿದೆ. ಕನ್ನಡಕ ಹಾಕಿಕೊಂಡು ಇದನ್ನು ನೀನೇ ಓದು. ನಿನ್ನ ಮೊಮ್ಮಗಳು ಕೃತಿಕಾಳ ಕೈಗೆ ಮಾತ್ರ ಕೊಡಬೇಡ.

ನೀನು ಫೋನಿಗೆ ಬರುವುದು ನಿಂತಿದ್ದು ಮುಂಗಾರಿನಲ್ಲಿ. "ಅಜ್ಜಿಗೆ ಕಿವಿ ಸರೀಗೆ ಕೇಳ್ಸಲ್ಲ ತಾತ, ವಾಯ್ಸ್ ಮೆಸೇಜ್ ಕಳಿಸ್ತೀವಿ" ಎಂದಳು ಕೃತಿಕಾ. ಒಳ್ಳೆಯದೇ ಆಯಿತು ಅಂದುಕೊಂಡೆ. ಪ್ರತಿ ಸೋಮವಾರ ಬೆಳಿಗ್ಗೆ ಸೊಸೆ ದೀಪಶ್ರೀ ಫೋನ್ ತಂದು ನನ್ನ ಕಿವಿಗೆ ಹಿಡಿಯುತ್ತಾಳೆ. "ಅಣ್ಣಯ್ಯಾ, ಹುಷಾರಾಗಿದ್ದೀಯಾ? ಮಾವಿನಕಾಯಿ ಉಪ್ಪಿಗೆ ಹಾಕಿದ್ರಾ? ಮಂಡಿ ನೋವು ಹೆಂಗೈತೆ? ಎಣ್ಣೆ ಹಚ್ಕೋ. ಬತ್ತೀನಿ." ನಿನ್ನದೇ ದನಿ, ಅದರಲ್ಲಿ ಎರಡು ಮಾತಿಲ್ಲ.

ಆದರೆ ನಿನ್ನ ಮಾತಿನ ಹಿಂದೆ ಯಾರೋ ಕೂಗುತ್ತಾರೆ: "ಲೇ, ಕರ ಬಿಚ್ಕೊಂಡೈತೆ, ಹಿಡ್ಕಳ್ರೋ!" ಮೊದಲ ವಾರ ನಕ್ಕೆ. ಮುಂದಿನ ವಾರವೂ ಕರು ಬಿಚ್ಚಿಕೊಂಡಿತು. ಅದರಾಚೆ ವಾರವೂ ನೀನು ಮಂಡಿ ನೋವಿನ ಮಾತಿಗೆ ಬರುವ ಹೊತ್ತಿಗೆ ಸರಿಯಾಗಿ ಬಿಚ್ಚಿಕೊಂಡಿತು. ಸೋಮವಾರವೇ ನೋಡಿಕೊಂಡು ಬಿಚ್ಚಿಕೊಳ್ಳುವ ಕರು ಯಾವುದಮ್ಮ ಅದು? ಗೌರಿ ಹಬ್ಬ ಕಳೆದರೂ ನೀನಿನ್ನೂ ಮಾವಿನಕಾಯಿ ವಿಚಾರಿಸುತ್ತಿದ್ದೀಯೆ.

ದೀಪಶ್ರೀಗೆ ಹೇಳಿದರೆ, "ನೀವು ಎಲ್ಲದಕ್ಕೂ ಅನುಮಾನ ಪಡ್ತೀರ ಮಾವ" ಎಂದು ಒಳಗೆ ಹೋದಳು. ಹೌದು, ನನ್ನದು ಅನುಮಾನದ ಬುದ್ಧಿಯೇ. ಹಾಲಿನವನು ಎಮ್ಮೆ ಹಾಲು ಅಂದರೆ ಅವನ ಕೊಟ್ಟಿಗೆಗೆ ಹೋಗಿ ಎಮ್ಮೆ ನೋಡಿ ಬಂದವನು ನಾನು. ಆದರೂ ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ? ಭಾವ ಫೋನಿಗೆ ಸಿಕ್ಕರೆ ಮಳೆ ಸುದ್ದಿ ಹೇಳಿ ಇಟ್ಟುಬಿಡುತ್ತಾರೆ.

ಹಬ್ಬಕ್ಕೆ ಬಾಗಿನ ತರುತ್ತೇನೆಂದು ಹೇಳಿಸಿದಾಗ ಕೃತಿಕಾ, "ಅಜ್ಜಿ ತರೀಕೆರೆಗೆ ನೆಂಟ್ರ ಮನೆಗೆ ಹೋಗವ್ರೆ ತಾತ, ಬರ್ಬೇಡಿ" ಎಂದಳು. ಗೌರಿ ಹಬ್ಬದ ದಿನ ತವರಿನ ಬಾಗಿನ ಬಿಟ್ಟು ನೆಂಟರ ಮನೆಗೆ ಹೋಗುವ ಹೆಂಗಸನ್ನು ನಾನಂತೂ ಕಂಡಿಲ್ಲ. ಹಬ್ಬ ಕಳೆದ ಮೇಲೆ ಕಾಯಿ ವ್ಯಾಪಾರದ ಮುದ್ದಪ್ಪ ನಿಮ್ಮ ಬುಕ್ಕಾಂಬುಧಿ ಕಡೆ ಹೊರಟಿದ್ದ. ಅವನ ಕೈಯಲ್ಲಿ ಬಾಗಿನದ ಮೊರ ಕಳಿಸಿದೆ. ವಾಪಸ್ ಬಂದವನು ನನ್ನ ಮುಖ ನೋಡಲಿಲ್ಲ. "ಅಕ್ಕ ಚೆನ್ನಾಗವ್ರೆ ಕಣಣ್ಣ" ಎಂದು ನೆಲ ನೋಡಿಕೊಂಡು ಹೇಳಿದ. ಕಾಫಿಗೂ ನಿಲ್ಲಲಿಲ್ಲ. ಬಿಟ್ಟಿ ಕಾಫಿ ಬಿಟ್ಟು ಹೋಗುವ ಆಸಾಮಿಯೇ ಅವನು?

ನಿಜ ಹೇಳು. ನನ್ನ ಮೇಲೆ ಮುನಿಸೇ? ಮನೆಯವರು ನಿನ್ನನ್ನು ಮಾತಾಡಲು ಬಿಡುತ್ತಿಲ್ಲವೇ? ಇಲ್ಲಾ, ಇನ್ನೊಂದು ಯೋಚನೆ ಬರುತ್ತದೆ. ಅದನ್ನು ಬರೆಯಲು ಕೈ ಏಳುತ್ತಿಲ್ಲ. ನಿನ್ನ ಕೈಯಾರೆ ಒಂದೇ ಒಂದು ಸಾಲು ಬರೆದು ಕಳಿಸು. ಹಳೆಯ ದನಿಯನ್ನು ಎಷ್ಟು ಸಲ ಬೇಕಾದರೂ ಕಳಿಸಬಹುದು, ಇವತ್ತಿನ ಕಾಗದಕ್ಕೆ ಹಳೆಯ ಉತ್ತರ ಕಳಿಸಲು ಯಾರಿಂದಲೂ ಆಗುವುದಿಲ್ಲ.

ದೇವರು ನಿನ್ನನ್ನು ತಣ್ಣಗಿಟ್ಟಿರಲಿ. ಭಾವನವರಿಗೆ ನನ್ನ ನಮಸ್ಕಾರ ತಿಳಿಸು.

ಇತಿ ನಿನ್ನ ಅಣ್ಣಯ್ಯ,
ಸಿದ್ದಪ್ಪ

ತಾ.ಕ.: ಅಂಚೆಗೆ ಹಾಕಿಸು ಎಂದು ಕಾಗದವನ್ನು ದೀಪಶ್ರೀ ಕೈಗೆ ಕೊಟ್ಟೆ. ಮೇಲೆ ನಿನ್ನ ಹೆಸರು ನೋಡಿ ಅತ್ತುಬಿಟ್ಟಳು. "ಅತ್ತೇರ್ಗೆ ಲಕ್ವ ಹೊಡೆದು ಮಾತು ನಿಂತೋಗೈತೆ ಮಾವ. ನಿಮಗೆ ಹೇಳ್ಬೇಡಿ ಅಂತ ಅವ್ರೇ ಕೈಸನ್ನೆ ಮಾಡಿದ್ರಂತೆ. ಆ ಹುಡುಗಿ ಹಳೇದನ್ನೇ ಕಳಿಸ್ತಾ ಅವ್ಳೆ" ಎಂದಳು. ಎಲ್ಲರಿಗೂ ಗೊತ್ತಿತ್ತು, ಆ ಮುದ್ದಪ್ಪನಿಗೂ. ಅದನ್ನು ತಡೆದುಕೊಂಡೇನು. ಮುಚ್ಚಿಡಿ ಎಂದವಳು ನೀನೇ ಎಂಬುದನ್ನು ತಡೆದುಕೊಳ್ಳಲು ಆಗುತ್ತಿಲ್ಲ. ಚಿಕ್ಕಂದಿನಲ್ಲಿ ನೀನು ಮುನಿಸಿಕೊಂಡು ಮಾತು ಬಿಟ್ಟಾಗ, ಅವ್ವನಿಗೂ ತಿಳಿಯದ್ದು ನನಗೆ ತಿಳಿಯುತ್ತಿರಲಿಲ್ಲವೇ ಲಿಂಗೂ?

ಕೃತಿಕಾಳನ್ನು ಯಾರೂ ಬೈಯಬೇಡಿ. ಈ ಸಾಲನ್ನು ಅವಳಿಗೂ ತೋರಿಸು: ಆ ಮೆಸೇಜ್ ನಿಲ್ಲಿಸಬೇಡ ಮಗಾ, ಸೋಮವಾರ ಕರು ಬಿಚ್ಚಿಕೊಳ್ಳಲಿ.

ನೀನು ಅನ್ನುವುದು ಮಾತು ಮುಗಿಸುವ 'ಬತ್ತೀನಿ' ಎಂದು ಗೊತ್ತಿದ್ದರೂ, ಸೋಮವಾರ ಬಸ್ಸಿನ ಹೊತ್ತಿಗೆ ನಾನು ಬಾಗಿಲಲ್ಲೇ ಕೂತಿರುತ್ತಿದ್ದೆ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನೀನು ಓದುವಾಗ ಎದುರಿಗೇ ಇರುತ್ತೇನೆ. ನಾಳೆ ಬೆಳಿಗ್ಗೆ ಬಸ್ಸಿಗೆ ಬತ್ತೀನಿ ಲಿಂಗೂ. ಹೋಗುವಾಗ ಹೇಳುವ ಬತ್ತೀನಿ ಅಲ್ಲ.