ಸಾವಿನ ಕಾಗದಕ್ಕೆ ಅರಿಶಿಣ

ಫೆಬ್ರವರಿ ಮೂವತ್ತು, ೨೧೯೧
ಬಳ್ಳಾರಿ ಸೀಮೆ

ನಾಗವೇಣಮ್ಮನವರಿಗೆ,

ಫೆಬ್ರವರಿಗೆ ಮೂವತ್ತು ಎಲ್ಲಿಂದ ಬಂತು ಎಂದು ಹುಬ್ಬೇರಿಸಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಮಿಕ್ಕ ಐದು ದಿನ ಸುಮ್ಮನೆ ರಜೆ. ಕೆಲವು ಪದ ನಿಮಗೆ ತಿಳಿಯಲಿಕ್ಕಿಲ್ಲ, ಕೆಲವು ಒರಟೆನಿಸಬಹುದು, ಕ್ಷಮಿಸಿ. ಹನ್ನೊಂದನೆಯ ವಯಸ್ಸಿಗೇ ಶಾಲೆ ಬಿಟ್ಟವಳು ನಾನು. ಹೆಸರು ಕೆಂಚವ್ವ, ವಯಸ್ಸು ಹತ್ತೊಂಬತ್ತು, ನಿಮ್ಮಿಂದ ಏಳನೆಯ ತಲೆಮಾರು. ಕಾಲದಲ್ಲಿ ಹಿಂದಕ್ಕೆ ಹೋಗುವ ಹಿಂದಂಚೆಯಲ್ಲಿ ಒಬ್ಬರಿಗೆ ಜೀವಮಾನಕ್ಕೆ ಒಂದೇ ಹಾಳೆ. ನನ್ನ ಹಾಳೆಯನ್ನು ನಿಮಗೆ ಬರೆಯುತ್ತಿದ್ದೇನೆ. ನಿಮ್ಮ ಮೇಲೆ ನಂಬಿಕೆ ಇದೆ ಅಂತಲ್ಲ, ಬೇರೆ ದಾರಿಯಿಲ್ಲ.

ನಿಮ್ಮ ಅಟ್ಟದ ತಗಡಿನ ಪೆಟ್ಟಿಗೆಯಲ್ಲಿ ನಾಲ್ಕು ಕಾಗದಗಳಿವೆ. ಮೂರು, ಕುಂಪಣಿಯ ಪಲ್ಟನ್ನಿನಲ್ಲಿ ಬರ್ಮಾ ಯುದ್ಧಕ್ಕೆ ಹೋದ ನಮ್ಮ ಹಿರಿಯ ಮೈಲಾರಪ್ಪ ಬರೆಸಿದ್ದು. ಜಿಗಣೆ, ಜ್ವರ, ಬೂಷ್ಟು ಹಿಡಿದ ಅಕ್ಕಿ, ಅಷ್ಟೇ. ನಾಲ್ಕನೆಯದು ಪಲ್ಟನ್ನಿನಿಂದ ಬಂದದ್ದು: ಮೈಲಾರಪ್ಪ ಯುದ್ಧದಲ್ಲಿ ಸತ್ತ. ಆ ಕಾಗದ ಬರುವ ಎಷ್ಟೋ ಮೊದಲೇ ಅವನು ಗಾಯಾಳುಗಳ ಹಡಗಿನಲ್ಲಿ ಮದ್ರಾಸಿಗೆ ಬಂದಿಳಿದು, ತಪ್ಪಿಸಿಕೊಂಡು, ನಡೆದೇ ಊರು ಸೇರಿದ್ದ. ಅವನ ಹೆಂಡತಿ ಹುಲಿಗೆವ್ವ ಕಾಗದ ಓದಿಸಿ ಕೇಳಿ ನಕ್ಕಳಂತೆ. "ಸತ್ತಾನಂತ ಬರದಾರ, ಇಲ್ಲಿ ಕುಂತು ರೊಟ್ಟಿ ತಿನ್ನಾಕತ್ತಾನ!" ಸಾವಿನ ಕಾಗದವನ್ನು ಓದಿದ ಕೂಡಲೇ ಹರಿಯಬೇಕು, ಮನೆಯೊಳಗೆ ಇಡಬಾರದು. ಅರಿಶಿಣ ಹಚ್ಚುವುದು ಮದುವೆ, ತೊಟ್ಟಿಲ ಕಾಗದಕ್ಕೆ. ಇದು ನಿಮಗೂ ಗೊತ್ತು. ಅವಳು ಹರಿಯಲಿಲ್ಲ. ನಾಲ್ಕು ಮೂಲೆಗೂ ಅರಿಶಿಣ ಹಚ್ಚಿ ಪೆಟ್ಟಿಗೆಗೆ ಹಾಕಿದಳು. ಎರಡು ವರ್ಷಕ್ಕೆ ಮಗ ಹುಟ್ಟಿದ. ನಾವೆಲ್ಲ ಆ ಮಗನ ಕಡೆಯವರು.

ಈಗ ನಮ್ಮ ಕಾಲದ ಸುದ್ದಿ. ಇಲ್ಲಿ ಹತ್ತು ಗಂಟೆಯ ಮೇಲೆ ಬಿಸಿಲಿಗೆ ಹೊರಗೆ ಹೋಗುವಂತಿಲ್ಲ. ಬೀದಿಗಳ ಮೇಲೆಲ್ಲ ನೆರಳುಬಟ್ಟೆ ಕಟ್ಟಿರುತ್ತಾರೆ, ಅದನ್ನು ಒಗೆಯುವುದು ನನ್ನ ಕೆಲಸ. ಎಲ್ಲರ ವಂಶವೂ ನೆನಪುಮನೆಯ ದಾಖಲೆಯಲ್ಲಿದೆ. ವರ್ಷಕ್ಕೊಮ್ಮೆ ಬೇರುದಿನ, ಅಂದು ಶಾಲೆಯ ಮಕ್ಕಳು ಒಬ್ಬೊಬ್ಬರೇ ನಿಂತು ದಾಖಲೆಯಲ್ಲಿದ್ದಂತೆ ಹಿರಿಯರ ಹೆಸರು ಓದಬೇಕು. ದಾಖಲೆಯಲ್ಲಿ ಮೈಲಾರಪ್ಪ ವೀರ, ಊರ ನಡುವೆ ಅವನ ಕಲ್ಲಿದೆ. ಸಾವಿನ ಕಾಗದ ಬಂದ ಎರಡು ವರ್ಷದ ಮೇಲೆ ಹುಟ್ಟಿದ ಮಗನ ಮುಂದೆ "ತಂದೆ ಗೊತ್ತಿಲ್ಲ" ಎಂದಿದೆ. ನಾನು ಅದನ್ನು ಓದಿದಾಗ ಮೇಷ್ಟ್ರು ನಕ್ಕ. ಹಲಗೆಯಿಂದ ಅವನಿಗೆ ಬಾರಿಸಿ ಬಂದವಳು ಮತ್ತೆ ಶಾಲೆಗೆ ಹೋಗಲಿಲ್ಲ. ಮುಂದಿನ ತಿಂಗಳು ನನ್ನ ತಂಗಿ ಪಾರವ್ವನ ಸರದಿ. ಅವಳಿಗೆ ಒಂಬತ್ತು.

ಅದಕ್ಕೇ ನಿನ್ನೆ ಅಜ್ಜಿ ಹಂಪವ್ವನನ್ನು ಕರೆದುಕೊಂಡು ಆ ನಾಲ್ಕನೆಯ ಕಾಗದ ಹಿಡಿದು ನೆನಪುಮನೆಗೆ ಹೋದೆ. ಮೈಲಾರಪ್ಪ ಬದುಕಿ ಬಂದಿದ್ದ ಎನ್ನಲು ಆ ಅರಿಶಿಣವೊಂದೇ ಸಾಕ್ಷಿ. ಅಲ್ಲಿನ ಅಧಿಕಾರಿ ಅಡಿವೆಪ್ಪ ಬೆಲ್ಲದಂಥ ಮಾತಿನವನು. ಅದೇ ಕಾಗದಕ್ಕೆ ನಿಮ್ಮ ಕಾಲದಲ್ಲಿ ತೆಗೆಸಿದ ಪ್ರತಿಯನ್ನು ಗೋಡೆಯ ಮೇಲೆ ತೋರಿಸಿದ.

"ನೋಡಬೇ ಯವ್ವಾ, ಇದರಾಗ ಕಲೆನ ಇಲ್ಲ. ಅರಿಶಿಣ ಮೊನ್ನೆ ನೀವ ಹಚ್ಚೀರಿ."

"ಹಚ್ಚೂದಾದ್ರ ನಿನ್ನ ಮಾರಿಗೆ ಮಸಿ ಹಚ್ಚತಿದ್ದೆ," ಎಂದಳು ಅಜ್ಜಿ. "ಪರೀಕ್ಷೆ ಮಾಡಿಸು."

"ಮಾಡಸೂಣು. ಕಾಗದ ಇಲ್ಲೇ ಬಿಟ್ಟು ಹೋಗ್ರಿ."

ಅಜ್ಜಿ ಕಾಗದವನ್ನು ಕುಪ್ಪಸದೊಳಗೆ ಸೇರಿಸಿದಳು. "ಬಿಟ್ಟು ಹೋದ್ರ ತಿರುಗಿ ಬರೂದು ಬೆಳ್ಳಗಿನ ಕಾಗದ. ನಡಿಯವಾ ಕೆಂಚಿ."

ಊರಿನ ವೀರ ಓಡಿಬಂದವನು ಎಂದಾದರೆ ಆ ಕಲ್ಲನ್ನು ಏನು ಮಾಡುತ್ತಾರೆ? ಅದಕ್ಕೇ ಅಡಿವೆಪ್ಪನಿಗೆ ಕಾಗದ ಬೇಕು. ನಾಳೆ ಮಧ್ಯಾಹ್ನ ದಾಖಲೆಗೆ ಮುದ್ರೆ ಬೀಳುತ್ತದೆ. ಆಮೇಲೆ ಯಾರೂ ತಿದ್ದುವಂತಿಲ್ಲ.

ನಿಮ್ಮ ಮೇಲೂ ನನಗೆ ಅನುಮಾನವಿದೆ. ಪ್ರತಿ ತೆಗೆದವನು ಕಲೆ ಅಂದುಕೊಂಡು ಪ್ರತಿಯಲ್ಲಿ ಅರಿಶಿಣ ಅಳಿಸಿದನೋ, ಓಡಿಬಂದವನ ಮನೆ ಅನ್ನಿಸಿಕೊಳ್ಳಲು ನಾಚಿ ನೀವೇ ಅಳಿಸಿ ಎಂದಿರೋ? ನಿಜ ನಿಮಗೇ ಗೊತ್ತು. ಈ ಹಾಳೆ ಸಿಕ್ಕ ದಿನವೇ ಪೆಟ್ಟಿಗೆ ಇಳಿಸಿ. ಮೊದಲಿನದರ ಬದಲಿಗೆ ಇನ್ನೊಂದು ಪ್ರತಿ ತೆಗೆಸಿ ಇಡಿಸಿ, ಕಲೆ ಸಮೇತ. ತೆಗೆಯುವಾಗ ಪಕ್ಕದಲ್ಲೇ ನಿಂತಿರಿ. ಪ್ರತಿಯ ಹಿಂಬದಿಗೆ ನಿಮ್ಮ ಕೈಯಾರೆ ಬರೆಯಿರಿ: ಈ ಅರಿಶಿಣ ನಾವು ಹುಟ್ಟುವ ಮೊದಲಿನದು.

ನಾಳೆ ಮುದ್ರೆಗೆ ಮುಂಚೆ ಆ ಪ್ರತಿಯನ್ನು ಮತ್ತೊಮ್ಮೆ ತೋರಿಸೆಂದು ಕೇಳುತ್ತೇನೆ. ಮೂಲೆಗಳು ಹಳದಿ ಇದ್ದರೆ ನೀವು ನಮ್ಮವರು. ಬೆಳ್ಳಗಿದ್ದರೆ ನೀವೂ ಅಡಿವೆಪ್ಪನ ಕಡೆಯವರೇ. ಹಾಗಾದರೆ ಬೇರುದಿನ ತಂಗಿಯ ಪಕ್ಕ ನಾನೇ ನಿಂತು ಮೈಲಾರಪ್ಪನ ಹೆಸರು ಕೂಗುತ್ತೇನೆ, ಕಾಗದವನ್ನು ಎಲ್ಲರ ಕಣ್ಣೆದುರು ಎತ್ತಿ ಹಿಡಿದು. ಯಾರ ಕೈಗೂ ಕೊಡದೆ.

ಕೆಂಚವ್ವ